ಸುರೆಯ ಮರ್ಯಾದೆ

೧

ನಮ್ಮ ಪ್ರಾಚೀನ ಕಾವ್ಯಗಳನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ಒಂದು ಸ್ಥಳಕ್ಕೆ ಬಂದಾಗ ತಪ್ಪದೆ ತಡವರಿಸುವರು. ಅದು ಮಧುಪಾನವರ್ಣನೆಯ ಸ್ಥಳ. ಕೆಲವರು ಆ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುವರು. ಕೆಲವರು ಅದನ್ನು ಅಷ್ಟಾದಶವರ್ಣನೆಗಳಲ್ಲಿ ಒಂದೆಂದೂ ಕವಿಯು ಲಕ್ಷಣಗ್ರಂಥದ ಕಟ್ಟಿಗೆ ಒಳಪಟ್ಟು ಬರೆದನೆಂದೂ ಹೇಳಿ ಕವಿಯ ಪರವಾಗಿ ಕ್ಷಮೆ ಬೇಡುವರು. ಇನ್ನು ಕೆಲವರು ಅದನ್ನು ಆ ಕಾಲದ ಅರಮನೆಗಳ ನಡತೆಗೆ ಸಾಕ್ಷಿಯೆಂದು ಎತ್ತಿ ತೋರಿಸುವರು. ಈ ಮೂರು ಬಗೆಗಳಲ್ಲಿ ಯಾವುದರಿಂದಲೂ ಕಾವ್ಯಾರ್ಥವು ತಿಳಿಯುವುದಿಲ್ಲ. ಪಾನವೆಂಬುದನ್ನು ನಮ್ಮ ಪೂರ್ವಿಕರು ಏನೆಂದು ನಂಬಿದ್ದರು ಎಂಬುದನ್ನು ಮೊದಲು ನಿರ್ಣಯಿಸದೆ ಕಾವ್ಯದಲ್ಲಿ ಬರುವ ಪಾನವನ್ನು ವಿಮರ್ಶಿಸುವುದು ಸಾಧ್ಯವಲ್ಲ.

ಈ ನಂಬಿಕೆಯನ್ನು ಕುರಿತು ಎರಡು ಅಭಿಪ್ರಾಯಗಳು ಬಹುಮಟ್ಟಿಗೆ ಪ್ರಚಾರದಲ್ಲಿರುವುವು. ವೇದಕಾಲದಲ್ಲಿ ಪಾನಕ್ಕೆ ತಡೆಯಿರಲಿಲ್ಲ, ಸೋಮವೂ ಸುರೆಯೂ ವಸ್ತುತಃ ಒಂದೇ ಜಾತಿಯ ಮಾದಕಗಳು, ಯಜ್ಞವು ಅವಕ್ಕೆ ಹೊದಿಸಿದ ಮುಸುಕು ಮಾತ್ರ ಎಂಬುದು ಒಂದು. ವೇದದಲ್ಲಿ ಸೋಮವೇ ಪೂಜ್ಯವು, ಸುರೆಯು ಸರ್ವಥಾ ನಿಂದ್ಯವು, ಎಲ್ಲಿಯಾದರೂ ಸುರೆಯು ಯಜ್ಞದಲ್ಲಿ ಕಂಡುಬಂದರೆ ಅದು ಅನ್ಯರಿಂದ ಬಂದು ಸೇರಿದ ಕಲ್ಮಷವು ಎಂಬುದು ಇನ್ನೊಂದು. ಮೊದಲನೆಯದು ಆಧುನಿಕರಿಗೆ ಪ್ರಿಯವಾದುದು, ಎರಡನೆಯದು ನಮ್ಮಂಥ ಪಾಠಶಾಲೆಯವರಿಗೆ ಪ್ರಿಯವಾದುದು. ಎರಡೂ ದ್ರವ್ಯದ ಮೇಲೆಯೇ ದೃಷ್ಟಿಯಿಟ್ಟಿರುವುವು. ಪ್ರಾಚೀನರ ದೃಷ್ಟಿಯು ದ್ರವ್ಯದ ಮೇಲೆ ಇರಲಿಲ್ಲ, ಮರ್ಯಾದೆಯ ಮೇಲೆ ಇತ್ತು ಎಂಬುದೇ ಈ ಲೇಖನದ ಪ್ರತಿಜ್ಞೆ. ಮರ್ಯಾದೆಯೆಂಬ ಶಬ್ದಕ್ಕೆ ಎಲ್ಲೆಯೆಂದೂ ಗೌರವವೆಂದೂ ಎರಡರ್ಥಗಳುಂಟು. ಸುರೆಗೆ ಎಲ್ಲೆಯಿದ್ದಷ್ಟು ಕಾಲ ಗೌರವವೂ ಇತ್ತು. ಎಲ್ಲೆ ತಪ್ಪಿದಲ್ಲಿ ಗೌರವವೂ ತಪ್ಪಿತು.

೨

ಮೊದಲು ಋಗ್ವೇದವನ್ನು ನೋಡೋಣ. ಒಂಬತ್ತನೆಯ ಮಂಡಲದ ೧೧೪ ಸೂಕ್ತಗಳು ಪವಮಾನಸೋಮನಿಗೆ ಮೀಸಲಾಗಿರುವುವು. ಆ ಮಂಡಲದಲ್ಲಿಯೂ ಇಂದ್ರಸೂಕ್ತಗಳಲ್ಲಿಯೂ ‘ಮದ’ ಎಂಬ ಶಬ್ದವು ಮೇಲಿಂದ ಮೇಲೆ ಬರುವುದು. ಅಲ್ಲಿ ಅದು ದೋಷವಾಚಕವಲ್ಲ. ಇಂದ್ರನು ವೃತ್ರನನ್ನು ಕೊಂದದ್ದು ಸೋಮದ ಮದದಿಂದ. ಋಷಿಗೆ ವಾಕ್ಕು ಸ್ಫುರಿಸುವುದು ಅದರಿಂದ. ಮುಂದಿನ ಕಾಲದಲ್ಲಿ ಇದೇ ಶಬ್ದವು ಅರಿಷಡ್ವರ್ಗದಲ್ಲಿ ಒಂದಾಗಿ ನಿಂತಿತು. ಕೌಟಿಲ್ಯನು ರಾಜನು ಗೆಲ್ಲಬೇಕಾದ ಆರು ಶತ್ರುಗಳನ್ನು ಎಣಿಸುವಾಗ ಮದವನ್ನು ಸೇರಿಸಿರುವನು. ದೇವರ ಬಲವಾಗಿದ್ದ ಶಬ್ದವು ಮನುಷ್ಯನ ಶತ್ರುವಾದದ್ದು ಹೇಗೆ?

ಇದಕ್ಕೆ ಉತ್ತರದ ಬೀಜವು ಋಗ್ವೇದದಲ್ಲಿಯೇ ಇರುವುದು. ಎಂಟನೆಯ ಮಂಡಲದ ಎರಡನೆಯ ಸೂಕ್ತದಲ್ಲಿ ಕುಡಿದ ಸೋಮರಸಗಳು ಹೃದಯದೊಳಗೆ ಕಾದಾಡುವುದನ್ನು ಸುರೆ ಕುಡಿದು ‘ದುರ್ಮದ’ರಾದವರ ಕಾದಾಟಕ್ಕೆ ಹೋಲಿಸಿದೆ. ಮದವು ಬೇರೆ, ದುರ್ಮದವು ಬೇರೆ ಎಂಬ ವಿವೇಕವು ಋಷಿಗೆ ಇತ್ತು. ಆದರೆ ಎರಡಕ್ಕೂ ಸಾಮ್ಯವುಂಟೆಂಬ ಭಯವೂ ಇತ್ತು. ಉಪಮಾನವು ಹುಟ್ಟುವುದು ಸಾಮ್ಯವಿದ್ದಲ್ಲಿಯೇ ಅಲ್ಲವೆ? ಯಾಸ್ಕನು ಈ ಮಂತ್ರಭಾಗವನ್ನು ಉದಾಹರಿಸುವಾಗ ಸುರಾಶಬ್ದವನ್ನು ‘ಸುನೋತಿ’ ಎಂಬ ಧಾತುವಿನಿಂದಲೇ ಸಾಧಿಸುವನು; ಸೋಮಶಬ್ದವೂ ಅದೇ ಧಾತುವಿನಿಂದ ಬಂದುದು. ಏಳನೆಯ ಮಂಡಲದಲ್ಲಿ ವಸಿಷ್ಠನು ವರುಣನ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವಾಗ ಮನುಷ್ಯನನ್ನು ದಾರಿ ತಪ್ಪಿಸುವವುಗಳ ಸಾಲಿನಲ್ಲಿ ಸುರೆ, ಕೋಪ, ಜೂಜಿನ ಕಾಯಿ, ಅವಿವೇಕ ಇವುಗಳನ್ನು ಹೇಳುವನು. ಇತ್ತ ಎಂಟನೆಯ ಮಂಡಲದ ನಲವತ್ತೆಂಟನೆಯ ಸೂಕ್ತದಲ್ಲಿ ಸೋಮವನ್ನು ಕುಡಿದು ಅಮೃತತ್ವವನ್ನು ಪಡೆದೆವೆಂದು ಹಿಗ್ಗುವ ಋಷಿಯೇ, ಅದೇ ಸೂಕ್ತದಲ್ಲಿ, ತನ್ನ ಕಾಲು ಜಾರದಂತೆ ಕಾಪಾಡೆಂದೂ ಒಡಲೊಳಗೆ ಮಿತ್ರನಂತೆ, ತಂದೆಯಂತೆ ಇರೆಂದೂ ಆ ಸೋಮವನ್ನು ಬೇಡುವನು. ಪೂಜ್ಯವಾದ ಸೋಮದಲ್ಲಿಯೂ ಅಪಾಯವುಂಟೆಂದು ಅವನು ಬಲ್ಲನು.

ಸೋಮಲತೆಯು ಯಾವುದೆಂಬ ವಿಚಾರದಲ್ಲಿ ಈಚಿನ ವಿದ್ವಾಂಸರು ಬಹಳವಾಗಿ ಚರ್ಚಿಸಿರುವರು. ಎಫೆಡ್ರಾ ಎಂಬ ಗಿಡವೆಂದು ಕೆಲವರೂ, ಒಂದು ಜಾತಿಯ ಅಣಬೆಯೆಂದು ೧೯೬೮ರಲ್ಲಿ ವಾಸನ್ ಎಂಬವರೂ ವಾದಿಸಿರುವರು. ಈ ಚರ್ಚೆಯು ಉಪಯುಕ್ತವೇ ಆದರೂ ನಮ್ಮ ಪ್ರಶ್ನೆಯನ್ನು ಅದು ತೀರಿಸಲಾರದು. ಗಿಡ ಯಾವುದಾದರೂ ಆಗಲಿ, ಅದರ ರಸಕ್ಕೆ ಒಂದು ವಿಧಿಯನ್ನೂ ಧಾನ್ಯದ ಹುಳಿರಸಕ್ಕೆ ಇನ್ನೊಂದು ವಿಧಿಯನ್ನೂ ಏಕೆ ಏರ್ಪಡಿಸಿದರೆಂಬುದು ಸಸ್ಯಶಾಸ್ತ್ರದಿಂದ ತಿಳಿಯತಕ್ಕದ್ದಲ್ಲ.

೩

ವಾಜಪೇಯಯಾಗದಲ್ಲಿ ಈ ಎರಡು ರಸಗಳೂ ಒಂದೇ ಮಂಟಪದಲ್ಲಿ ಎದುರೆದುರಾಗಿ ಬರುವುವು. ಪ್ರಜಾಪತಿಗೆ ಹದಿನೇಳು ಸೋಮಗ್ರಹಗಳು, ಹದಿನೇಳು ಸುರಾಗ್ರಹಗಳು, ಒಟ್ಟು ಮೂವತ್ತನಾಲ್ಕು. ದೇವತೆಗಳು ಮೂವತ್ತಮೂವರು, ಪ್ರಜಾಪತಿಯು ಮೂವತ್ತನಾಲ್ಕನೆಯವನು ಎಂದು ಶತಪಥಬ್ರಾಹ್ಮಣವು ಈ ಲೆಕ್ಕಕ್ಕೆ ಉಪಪತ್ತಿ ಹೇಳುವುದು. ಸೋಮವು ಸತ್ಯ, ಶ್ರೀ, ಜ್ಯೋತಿ. ಸುರೆಯು ಅನೃತ, ಪಾಪ್ಮ, ತಮಸ್ಸು ಎಂಬ ಪ್ರಸಿದ್ಧವಾದ ವಿಭಾಗವು ಬರುವುದು ಇಲ್ಲಿಯೇ. ಎರಡನೆಯ ಪಕ್ಷದವರು ಈ ವಿಭಾಗವನ್ನೇ ಮುಂದಿಟ್ಟುಕೊಂಡು ಸುರೆಯು ಸರ್ವಥಾ ನಿಂದ್ಯವೆಂದು ಸಾಧಿಸುವರು. ಆದರೆ ಅವರು ಅದರ ಮುಂದಿನ ಮಾತನ್ನು ಓದುವುದಿಲ್ಲ. ಪ್ರಜಾಪತಿಯು ಎಲ್ಲವೂ ಆಗಿರುವವನಾದ್ದರಿಂದ ಎರಡು ರಸಗಳೂ ಅವನವೇ. ಅವೆರಡನ್ನೂ ಹಿಡಿದು ಯಜಮಾನನು ಎಲ್ಲವನ್ನೂ ಗೆಲ್ಲುವನು ಎಂಬುದು ಆ ಬ್ರಾಹ್ಮಣದ ತಾತ್ಪರ್ಯ. ತಮಸ್ಸನ್ನು ಹೊರಗಿಟ್ಟು ಜ್ಯೋತಿಯನ್ನು ಮಾತ್ರ ಹಿಡಿದವನಿಗೆ ಸರ್ವವು ಸಿದ್ಧಿಸದು.

ಹಾಗೆಂದು ಎರಡನ್ನೂ ಬೆರಸಿದರೆಯೆ? ಇಲ್ಲ. ಬಂಡಿಯ ಅಚ್ಚಿನ ಮುಂದೆ ಅಧ್ವರ್ಯುವು ಕುಳಿತಿರುವನು, ಹಿಂದೆ ನೇಷ್ಟೃವು ಕುಳಿತಿರುವನು. ಸೋಮದ ಪಾತ್ರೆಯನ್ನು ಅಚ್ಚಿನ ಮೇಲೆಯೂ ಸುರೆಯ ಪಾತ್ರೆಯನ್ನು ಅಚ್ಚಿನ ಕೆಳಗೆಯೂ ಹಿಡಿಯುವರು. ಬೆಳಕೂ ಕತ್ತಲೆಯೂ ಕಲೆಯಬಾರದೆಂಬುದೇ ಇದಕ್ಕೆ ಕಾರಣ. ಎರಡೂ ಬೇಕು, ಎರಡೂ ಹತ್ತಿರವೇ ಇರಬೇಕು, ನಡುವೆ ಒಂದು ಅಚ್ಚಿನ ಅಂತರವಿರಬೇಕು. ಸುರೆಯ ಮರ್ಯಾದೆಯು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವ ಸ್ಥಳವು ವೇದವಾಙ್ಮಯದಲ್ಲಿ ಬೇರೊಂದು ದೊರೆಯುವುದು ದುರ್ಲಭ.

ಆ ಸುರೆಗಾಗಿ ಪರಿಸ್ರುತವನ್ನು ಕೊಳ್ಳುವ ವಿಧಿಯು ಇನ್ನೂ ವಿಚಿತ್ರವಾದುದು. ಅದನ್ನು ಉದ್ದಗೂದಲಿನ ಪುರುಷನಿಂದ ಸೀಸವನ್ನು ಕೊಟ್ಟು ಕೊಳ್ಳಬೇಕು. ಅವನು ಪುರುಷನಾದುದರಿಂದ ಸ್ತ್ರೀಯಲ್ಲ, ಉದ್ದಗೂದಲಿನವನಾದುದರಿಂದ ಪುರುಷನೂ ಅಲ್ಲ. ಸೀಸವು ಕಬ್ಬಿಣವೂ ಅಲ್ಲ, ಚಿನ್ನವೂ ಅಲ್ಲ. ಪರಿಸ್ರುತವು ಸೋಮವೂ ಅಲ್ಲ, ಸುರೆಯೂ ಅಲ್ಲ. ಇದನ್ನು ಬಾಲಿಶವಾದ ಕಲ್ಪನೆಯೆಂದು ನಗುವವರುಂಟು. ಇದರ ಅರ್ಥವು ಮುಂದೆ ಹೇಳುವ ಸೌತ್ರಾಮಣಿಯ ಕಥೆಯೊಡನೆ ಸೇರಿಸಿ ನೋಡಿದಾಗ ತಿಳಿಯುವುದು.

೪

ಸೌತ್ರಾಮಣಿಯು ಸುರೆಯೇ ಪ್ರಧಾನವಾದ ಯಾಗ. ಅಶ್ವಿನೀದೇವತೆಗಳು, ಸರಸ್ವತಿ, ಸುತ್ರಾಮನೆಂಬ ಇಂದ್ರ, ಇವರು ಅದರ ದೇವತೆಗಳು. ವಾಜಸನೇಯಿಸಂಹಿತೆಯ ಹತ್ತೊಂಬತ್ತನೆಯ ಅಧ್ಯಾಯದಿಂದ ಮೂರು ಅಧ್ಯಾಯಗಳು ಈ ಯಾಗದ ಮಂತ್ರಗಳಿಗೆ ಮೀಸಲಾಗಿರುವುವು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಈ ಭಾಗಕ್ಕೆ ಬಂದ ದಿನ ‘ಇದು ಕಲಿವರ್ಜ್ಯ, ಸ್ವರವನ್ನು ಕಲಿತರೆ ಸಾಕು’ ಎಂದು ಹೇಳಿ ಅರ್ಥವನ್ನು ಬಿಡಿಸದೆ ಮುಂದುವರಿದರು. ಅವರ ಮಾತು ಸಂಪ್ರದಾಯಕ್ಕೆ ಅನುಗುಣವಾದುದೇ. ಆದರೆ ಅನುಷ್ಠಾನದಲ್ಲಿ ವರ್ಜ್ಯವಾದುದು ಅರ್ಥವಿಚಾರದಲ್ಲಿಯೂ ವರ್ಜ್ಯವಾಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಯಾಗದ ಸುರೆಯನ್ನು ಹೀಗೆ ಮಾಡುವರು: ಮೊಳೆತ ಬತ್ತ, ಮೊಳೆತ ಜವೆ, ಹುರಿದ ಅರಳು, ಹುಳಿಯೇರಿಸುವುದಕ್ಕಾಗಿ ಹಲವು ಮೂಲಿಕೆಗಳನ್ನು ಕುಟ್ಟಿ ಮಾಡಿದ ನಗ್ನಹು, ಇವುಗಳನ್ನು ಬೇಯಿಸಿದ ಅನ್ನದ ಗಂಜಿಯಲ್ಲಿ ಕಲಸಿ ಮೂರು ರಾತ್ರಿ ಇಡುವರು, ಬಳಿಕ ಕೂದಲಿನ ಶೋಧಕದಲ್ಲಿ ಸೋಸುವರು. ಹಾಲಿನ ಗ್ರಹಗಳನ್ನು ಉತ್ತರದ ಅಗ್ನಿಯಲ್ಲಿಯೂ ಸುರೆಯ ಗ್ರಹಗಳನ್ನು ದಕ್ಷಿಣದ ಅಗ್ನಿಯಲ್ಲಿಯೂ ಹೋಮಮಾಡುವರು. ಇಲ್ಲಿಯೂ ಅದೇ ಅಂತರ, ಅದೇ ಸಾಮೀಪ್ಯ.

ಈ ಯಾಗವು ಯಾರಿಗೆ ವಿಹಿತವೆಂಬುದೇ ಮುಖ್ಯವಾದ ಸಂಗತಿ. ರಾಜ್ಯಭ್ರಷ್ಟನಾದ ಅರಸನಿಗೆ, ರಾಜಸೂಯದ ಕೊನೆಯಲ್ಲಿ ಅಭಿಷಿಕ್ತನಿಗೆ, ಅದಕ್ಕಿಂತಲೂ ಗಮನಿಸತಕ್ಕದ್ದು, ಸೋಮವನ್ನು ಕುಡಿದು ವಾಂತಿಮಾಡಿಕೊಂಡವನಿಗೆ ಅದನ್ನು ವಿಧಿಸಿದೆ. ಇದಕ್ಕೆ ಆಧಾರವಾದ ಕಥೆಯು ಬ್ರಾಹ್ಮಣಗಳಲ್ಲಿ ಪ್ರಸಿದ್ಧವಾಗಿದೆ. ತ್ವಷ್ಟೃವಿನ ಮಗನಾದ ವಿಶ್ವರೂಪನಿಗೆ ಮೂರು ತಲೆಗಳು. ಒಂದು ಬಾಯಿಂದ ಸೋಮವನ್ನೂ ಒಂದರಿಂದ ಸುರೆಯನ್ನೂ ಒಂದರಿಂದ ಅನ್ನವನ್ನೂ ಸೇವಿಸುತ್ತಿದ್ದನು. ಇಂದ್ರನು ಅವನ ತಲೆಗಳನ್ನು ಕಡಿದನು. ಸುರೆ ಕುಡಿಯುತ್ತಿದ್ದ ತಲೆಯಿಂದ ಗುಬ್ಬಚ್ಚಿ ಹುಟ್ಟಿತು; ಆದಕಾರಣವೇ ಅದು ಮತ್ತೇರಿದವರಂತೆ ಚಿಲಿಪಿಲಿಗುಟ್ಟುವುದಂತೆ. ಕುಪಿತನಾದ ತ್ವಷ್ಟೃವು ಇಂದ್ರನನ್ನು ಕರೆಯದೆ ಸೋಮಯಾಗವನ್ನು ಮಾಡಿದನು. ಇಂದ್ರನು ಆಹ್ವಾನವಿಲ್ಲದೆಯೇ ಬಂದು ಆ ಸೋಮವನ್ನು ಬಲಾತ್ಕಾರವಾಗಿ ಕುಡಿದನು. ಕುಡಿದ ಸೋಮವು ಅವನಲ್ಲಿ ನಿಲ್ಲಲಿಲ್ಲ. ಅಂಗಾಂಗಗಳಿಂದ ಅವನ ತೇಜಸ್ಸೂ ಬಲವೂ ಹರಿದುಹೋದುವು. ಉಳಿದುದನ್ನು ನಮುಚಿಯೆಂಬ ಅಸುರನು ಸುರೆಯೊಡನೆ ಅಪಹರಿಸಿದನು. ಅಶ್ವಿನಿಗಳೂ ಸರಸ್ವತಿಯೂ ಇಂದ್ರನಿಗೆ ಚಿಕಿತ್ಸೆ ಮಾಡಿ ಬಲವನ್ನು ಮರಳಿ ತಂದರು. ಆ ಚಿಕಿತ್ಸೆಯೇ ಸೌತ್ರಾಮಣಿ. ಅದರ ಔಷಧವೇ ಸುರೆ.

ಇಲ್ಲಿ ನಮ್ಮ ಎರಡು ಪೂರ್ವಪಕ್ಷಗಳೂ ಬಿದ್ದುಹೋಗುವುವು. ಸೋಮವು ಸ್ವಭಾವತಃ ಪವಿತ್ರವಾಗಿದ್ದರೆ ಇಂದ್ರನಿಗೆ ಏಕೆ ವಿಷವಾಯಿತು? ಸುರೆಯು ಸ್ವಭಾವತಃ ಪಾಪವಾಗಿದ್ದರೆ ಏಕೆ ಔಷಧವಾಯಿತು? ಎರಡೂ ಒಂದೇ ಆಗಿದ್ದರೆ ಒಂದರಿಂದ ಬಂದ ರೋಗವನ್ನು ಇನ್ನೊಂದು ವಾಸಿಮಾಡಿತೆಂಬ ಕಥೆಯೇ ನಿರರ್ಥಕವಾಗುವುದು. ಕರೆಯದೆ ಕುಡಿದ ಸೋಮವು ಕೆಡಿಸಿತು. ವಿಧಿಯಿಂದ ಕೊಟ್ಟ ಸುರೆಯು ಉಳಿಸಿತು. ಆಹ್ವಾನ, ಅಧಿಕಾರ, ಸ್ಥಾನ, ಕಾಲ, ಈ ನಾಲ್ಕರ ಕೂಟವೇ ಮರ್ಯಾದೆ. ಪಾವನತ್ವವು ನೆಲಸಿರುವುದು ಅದರಲ್ಲಿ.

ಕಥೆಯ ಕೊನೆಯನ್ನೂ ನೋಡಬೇಕು. ಹಗಲಾಗಲಿ ರಾತ್ರಿಯಾಗಲಿ, ಒಣಗಿದುದರಿಂದಾಗಲಿ ಹಸಿಯಾದುದರಿಂದಾಗಲಿ ಕೊಲ್ಲುವುದಿಲ್ಲವೆಂದು ಇಂದ್ರನು ನಮುಚಿಗೆ ಮಾತು ಕೊಟ್ಟಿದ್ದನು. ಆದುದರಿಂದ ಹಗಲೂ ರಾತ್ರಿಯೂ ಅಲ್ಲದ ಮುಂಬೆಳಗಿನಲ್ಲಿ, ಒಣಗಿದುದೂ ಹಸಿಯೂ ಅಲ್ಲದ ನೀರಿನ ನೊರೆಯಿಂದ ಅವನ ತಲೆಯನ್ನು ಹಾರಿಸಿದನು. ವಾಜಪೇಯದಲ್ಲಿ ಪರಿಸ್ರುತವನ್ನು ಮಾರುವವನು ಸ್ತ್ರೀಯೂ ಅಲ್ಲ ಪುರುಷನೂ ಅಲ್ಲ, ಅದರ ಬೆಲೆಯು ಕಬ್ಬಿಣವೂ ಅಲ್ಲ ಚಿನ್ನವೂ ಅಲ್ಲ ಎಂದುದನ್ನು ಈಗ ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಎರಡೂ ಒಂದೇ ಅಚ್ಚಿನ ಮಾತುಗಳೆಂದು ತಿಳಿಯುವುದು. ಸುರೆಯು ಸಂಧಿಯಲ್ಲಿ ನಿಂತ ವಸ್ತು. ಅದು ಆಹಾರವೂ ಅಲ್ಲ, ವಿಷವೂ ಅಲ್ಲ; ಕುಡಿದವನು ಎಚ್ಚರವಾಗಿಯೂ ಇರುವುದಿಲ್ಲ, ನಿದ್ರಿಸಿಯೂ ಇರುವುದಿಲ್ಲ. ಇಂತಹ ವಸ್ತುವನ್ನು ಸಂಧಿಯಲ್ಲಿಯೇ ಕೊಂಡು ಸಂಧಿಯಲ್ಲಿಯೇ ವಿನಿಯೋಗಿಸಬೇಕೆಂಬುದು ಬ್ರಾಹ್ಮಣಕಾರರ ನಂಬಿಕೆ. ಹೋಮಶೇಷವಾದ ಸುರೆಯನ್ನು ಕುಡಿಯುವುದಕ್ಕೆ ಒಬ್ಬ ಬ್ರಾಹ್ಮಣನನ್ನು ಕ್ರಯಕ್ಕೆ ಗೊತ್ತುಮಾಡಿಕೊಳ್ಳಬೇಕು, ಅವನು ಸಿಕ್ಕದಿದ್ದರೆ ಹುತ್ತದ ಮೇಲೆ ಹೊಯ್ಯಬೇಕು ಎಂದು ತೈತ್ತಿರೀಯಬ್ರಾಹ್ಮಣವು ಹೇಳುವುದನ್ನು ನೋಡಿದರೆ ಯಾಗದ ಒಳಗೆಯೂ ಸುರೆಯ ಭಯವು ಬಿಟ್ಟಿರಲಿಲ್ಲವೆಂದು ಸ್ಪಷ್ಟವಾಗುವುದು.

೫

ಇಲ್ಲಿ ಒಂದು ಆಕ್ಷೇಪವು ಬರುವುದು. ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ, ಮನುಷ್ಯರಿಗೆ ಸಹಜವಾಗಿಯೇ ಇರುವ ಪ್ರವೃತ್ತಿಗಳಿಗೆ ಎಲ್ಲೆ ಹಾಕುವುದಕ್ಕಾಗಿಯೇ ವಿವಾಹ, ಯಜ್ಞ, ಸುರಾಗ್ರಹಗಳು ಹೇಳಲ್ಪಟ್ಟಿವೆ, ನಿವೃತ್ತಿಯೇ ಇಷ್ಟವಾದುದು ಎಂಬ ಅಭಿಪ್ರಾಯವಿರುವುದು. ಸುರೆಯನ್ನು ಆಘ್ರಾಣಿಸುವುದೇ ಅದರ ಭಕ್ಷಣವೆಂದೂ ಅಲ್ಲಿಯೇ ಹೇಳಿದೆ. ಹೀಗಿರುವಲ್ಲಿ ಸುರೆಗೆ ಸ್ವತಂತ್ರವಾದ ಗೌರವವೆಲ್ಲಿಯದು? ಮನುವೂ ಸಹ ಪ್ರವೃತ್ತಿಯನ್ನು ಒಪ್ಪಿಕೊಂಡು ನಿವೃತ್ತಿಯನ್ನೇ ಮಹಾಫಲವೆಂದಿರುವನಲ್ಲವೆ?

ಇದಕ್ಕೆ ಸಮಾಧಾನವೇನೆಂದರೆ: ಭಾಗವತದ ವಚನವು ವಿಧಿಯ ಉದ್ದೇಶವನ್ನು ಹಿಂದಿರುಗಿ ನೋಡಿ ಮಾಡಿದ ವ್ಯಾಖ್ಯಾನವೇ ಹೊರತು ವಿಧಿಯ ಕಾಲದ ನಂಬಿಕೆಯ ವರದಿಯಲ್ಲ. ಸೌತ್ರಾಮಣಿಯ ಮಂತ್ರಗಳೂ ಅವುಗಳ ಬ್ರಾಹ್ಮಣವೂ ಬಲ, ತೇಜಸ್ಸು, ಇಂದ್ರಿಯ ಇವು ಮರಳಿ ಬರಬೇಕೆಂದು ಬಾಯಿತುಂಬ ಬೇಡುವುವೇ ಹೊರತು ಪ್ರವೃತ್ತಿಯನ್ನು ತಗ್ಗಿಸಬೇಕೆಂದು ಬೇಡುವುದಿಲ್ಲ. ಆದರೆ ಭಾಗವತಕಾರನು ಮೂಲಕ್ಕೆ ದ್ರೋಹ ಮಾಡಿದನೆಂದೂ ಹೇಳಲಾಗದು. ಎಲ್ಲೆಯೇ ಮುಖ್ಯವೆಂಬ ಅಂಶವನ್ನು ಅವನು ಉಳಿಸಿಕೊಂಡನು. ಎಲ್ಲೆಯೊಳಗೆ ಇದ್ದ ಗೌರವವನ್ನು ಮಾತ್ರ ಬಿಟ್ಟನು. ಗೌಡೀ, ಪೈಷ್ಟೀ, ಮಾಧ್ವೀ ಎಂಬ ಮೂರು ಬಗೆಯ ಸುರೆಗಳನ್ನೂ ದ್ವಿಜೋತ್ತಮರಿಗೆ ನಿಷೇಧಿಸಿ ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿದ ಸ್ಮೃತಿಯೂ, ಸೌತ್ರಾಮಣಿಯ ಸುರಾಗ್ರಹವನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದ ನಿಬಂಧಕಾರರೂ ಇದೇ ದಾರಿಯಲ್ಲಿ ಮುಂದೆ ನಡೆದವರು. ಮರ್ಯಾದೆಯ ಎರಡು ಅರ್ಥಗಳಲ್ಲಿ ಒಂದು ಉಳಿದು ಒಂದು ಸವೆದುಹೋದ ಚರಿತ್ರೆಯಿದು.

ಯಜ್ಞಮಂಟಪದಿಂದ ಹೊರಬಿದ್ದ ಎಲ್ಲೆಯನ್ನು ರಾಜಶಾಸನವು ಎತ್ತಿಕೊಂಡಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆ ಒಂದು ಪ್ರಕರಣವೇ ಉಂಟು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಅಲ್ಲಿ ಹೇಳಿ, ದ್ರಾಕ್ಷಾರಸವೇ ಮಧುವೆಂದೂ ಅದು ಹುಟ್ಟುವ ನಾಡಿನಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳೆಂದೂ ವಿವರಿಸಿದೆ. ಕಾಪಿಶಿಯೆಂಬುದು ಈಗಿನ ಆಫ್ಘಾನಿಸ್ಥಾನದ ಬೇಗ್ರಾಮದ ಬಳಿಯ ಪಟ್ಟಣ. ಪಾಣಿನಿಯೂ ಆ ಹೆಸರಿಗಾಗಿ ಒಂದು ಸೂತ್ರವನ್ನು ಮಾಡಿರುವನು. ಕಾಳಿದಾಸನ ರಘುವಿನ ಭಟರು ಪಾರಸೀಕರನ್ನು ಗೆದ್ದು ದ್ರಾಕ್ಷಿಯ ತೋಟಗಳಲ್ಲಿ ಕುಳಿತು ಆಯಾಸ ಕಳೆದದ್ದು ಈ ಮಧುವಿನಿಂದಲೇ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿವಸಗಳ ಮಟ್ಟಿಗೆ ಸುರೆಗೆ ಅಪ್ಪಣೆಯನ್ನು ಕೊಡಬೇಕೆಂದು ಕೌಟಿಲ್ಯನು ಹೇಳುವನು. ಅಚ್ಚಿನ ಅಂತರವು ಹೋಗಿ ನಾಲ್ಕು ದಿವಸಗಳ ಅಂತರವು ಬಂತು. ಎಲ್ಲೆಯೆಂಬುದು ಮಾತ್ರ ಹೋಗಲಿಲ್ಲ.

೬

ಇತಿಹಾಸಪುರಾಣಗಳಲ್ಲಿ ಈ ನಂಬಿಕೆಯು ಕಥಾರೂಪವನ್ನು ತಾಳಿತು. ಸಮುದ್ರಮಥನದಲ್ಲಿ ಹುಟ್ಟಿದ ವಾರುಣಿಯನ್ನು ಯಾರು ಸ್ವೀಕರಿಸಿದರೆಂಬುದನ್ನು ನೋಡಿರಿ. ರಾಮಾಯಣದ ಬಾಲಕಾಂಡದಲ್ಲಿ ಅದಿತಿಯ ಮಕ್ಕಳು ಸ್ವೀಕರಿಸಿ ‘ಸುರ’ರಾದರು, ದಿತಿಯ ಮಕ್ಕಳು ನಿರಾಕರಿಸಿ ‘ಅಸುರ’ರಾದರು. ಭಾಗವತದಲ್ಲಿ ಅವಳು ಅಸುರರ ಪಾಲಾದಳು. ಒಂದೇ ದೇವತೆಯು ಒಂದು ಗ್ರಂಥದಲ್ಲಿ ದೇವತ್ವಕ್ಕೆ ಲಕ್ಷಣವಾದಳು, ಇನ್ನೊಂದರಲ್ಲಿ ಅಸುರತ್ವಕ್ಕೆ ಲಕ್ಷಣವಾದಳು. ಶಬ್ದವ್ಯುತ್ಪತ್ತಿಯ ದೃಷ್ಟಿಯಿಂದ ರಾಮಾಯಣದ ಮಾತು ನಿಲ್ಲಲಾರದು. ‘ಅಸುರ’ ಎಂಬುದು ಋಗ್ವೇದದಲ್ಲಿ ವರುಣಾದಿಗಳಿಗೂ ಸಲ್ಲುವ ಹಳೆಯ ಶಬ್ದ. ನಂಬಿಕೆಯ ದೃಷ್ಟಿಯಿಂದಲಾದರೋ ಅದು ಅಮೂಲ್ಯವಾದ ಸಾಕ್ಷ್ಯ. ಬೌದ್ಧರು ಕುಂಭಜಾತಕದಲ್ಲಿ ಸುರೆಗೆ ಈ ದೈವಿಕವಾದ ಹುಟ್ಟನ್ನೇ ಇಲ್ಲವಾಗಿಸಿ, ಮರದ ಪೊಟರೆಯಲ್ಲಿ ತಾನಾಗಿಯೇ ಹುಳಿತ ನೀರನ್ನು ಕಂಡುಹಿಡಿದ ಸುರನೆಂಬ ಬೇಡನಿಂದಲೂ ಅವನ ಜೊತೆಗಾರನಾದ ವರುಣನೆಂಬ ತಾಪಸನಿಂದಲೂ ಸುರಾ, ವಾರುಣೀ ಎಂಬ ಹೆಸರುಗಳು ಬಂದುವೆಂದು ಹೇಳಿದರು. ಸುರೆಯನ್ನು ಜಯಿಸಬೇಕಾದರೆ ಮೊದಲು ಅದರ ದೇವತ್ವವನ್ನು ಕಳೆಯಬೇಕೆಂದು ಅವರು ಅರಿತಿದ್ದರು.

ಮಹಾಭಾರತದ ಎರಡು ಪ್ರಕರಣಗಳು ನಮಗೆ ಮುಖ್ಯವಾದುವು. ಅಸುರರು ಕಚನನ್ನು ಕೊಂದು ಸುಟ್ಟು ಆ ಬೂದಿಯನ್ನು ಸುರೆಯಲ್ಲಿ ಕದಡಿ ಶುಕ್ರಾಚಾರ್ಯನಿಗೇ ಕುಡಿಸಿದರು. ಸತ್ತವರನ್ನು ಬದುಕಿಸುವ ವಿದ್ಯೆಯುಳ್ಳವನು ತನ್ನ ಶಿಷ್ಯನನ್ನೇ ತಿಳಿಯದೆ ನುಂಗಿದನು. ಅನಂತರ ಅವನು ಬ್ರಾಹ್ಮಣರಿಗೆ ಸುರೆಯನ್ನು ನಿಷೇಧಿಸಿದುದನ್ನು ಮಹಾಭಾರತವು ‘ಮರ್ಯಾದಾ’ ಎಂಬ ಶಬ್ದದಿಂದಲೇ ಕರೆದಿದೆ. ಇನ್ನೊಂದು ಮೌಸಲಪರ್ವ. ಯಾವನೂ ಸುರೆಯನ್ನು ಮಾಡಕೂಡದು, ಮಾಡಿದವನನ್ನು ಶೂಲಕ್ಕೆ ಏರಿಸಲಾಗುವುದು ಎಂದು ದ್ವಾರಕೆಯಲ್ಲಿ ಡಂಗುರ ಸಾರಿದರು. ಆದರೂ ಪ್ರಭಾಸಕ್ಕೆ ಹೋದ ಯಾದವರು, ಬ್ರಾಹ್ಮಣರಿಗಾಗಿ ಮಾಡಿದ ಅಡುಗೆಯನ್ನು ಮದ್ಯದೊಡನೆ ಬೆರಸಿ ಕೋತಿಗಳಿಗೆ ಹಾಕಿದರು. ಆಮೇಲೆ ಕೃಷ್ಣನ ಕಣ್ಣೆದುರಿಗೇ ಪಾನಗೋಷ್ಠಿಯು ಸೇರಿತು. ಸಾತ್ಯಕಿ ಕೃತವರ್ಮರ ಜಗಳವು ಹುಟ್ಟಿತು. ಜೊಂಡುಹುಲ್ಲು ಒನಕೆಯಾಗಿ ಕುಲವು ಮುಗಿಯಿತು. ವ್ಯಾಸನು ಪಾನಕ್ಕಿಂತ ಮೊದಲು ಆ ಕೋತಿಗಳ ಪ್ರಸಂಗವನ್ನು ಇಟ್ಟಿರುವುದನ್ನು ಸಹೃದಯರು ಮರೆಯಬಾರದು. ಯಾವುದು ಯಾರಿಗೆ ಸಲ್ಲಬೇಕೆಂಬ ಎಲ್ಲೆಯು ಮೊದಲು ಅಳಿಸಿತು. ನಾಶವು ಆಮೇಲೆ ಬಂತು. ಮದ ಶಬ್ದವು ದೇವಬಲದಿಂದ ಅರಿಷಡ್ವರ್ಗಕ್ಕೆ ಇಳಿದುಬಂದ ದಾರಿಯು ಇದೇ.

ಜೈನರ ಪರಂಪರೆಯಲ್ಲಿಯೂ ದ್ವಾರಾವತಿಯ ಅಳಿವು ಮದ್ಯದಿಂದಲೇ. ಜಿನಸೇನನು ಶಕ ೭೦೫ರಲ್ಲಿ, ಅಂದರೆ ಕ್ರಿ. ಶ. ೭೮೩ರಲ್ಲಿ, ಮುಗಿಸಿದ ಹರಿವಂಶಪುರಾಣದಲ್ಲಿ ನೇಮಿನಾಥನು ಈ ಅಳಿವನ್ನು ಮುಂಚೆಯೇ ನುಡಿದನು. ಊರಿನ ಮದ್ಯವನ್ನೆಲ್ಲ ಹೊರಗೆ ಕಾಡಿನಲ್ಲಿ ಚೆಲ್ಲಿಸಿದರು. ಕಾಲಾಂತರದಲ್ಲಿ ಬಾಯಾರಿದ ಯಾದವಕುಮಾರರು ಅದನ್ನೇ ಕುಡಿದು ಮೈಮರೆತು ದ್ವೈಪಾಯನಮುನಿಯನ್ನು ಹಿಂಸಿಸಿದರು. ಅವನ ಕೋಪಾಗ್ನಿಯಲ್ಲಿ ಪಟ್ಟಣವು ಬೆಂದಿತು. ವೈದಿಕರ ಕಥೆಯಲ್ಲಿಯೂ ಜೈನರ ಕಥೆಯಲ್ಲಿಯೂ ಆಜ್ಞೆ ಹೊರಟಿತು, ಆಜ್ಞೆಯಿಂದ ಮಾತ್ರ ಕೆಲಸವಾಗಲಿಲ್ಲ.

೭

ಈ ನಂಬಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಾವ್ಯಕ್ಕೆ ಬರೋಣ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಅಂಗಗಳನ್ನು ಹೇಳುವಾಗ ಮಧುಪಾನವನ್ನೂ ಸೇರಿಸಿರುವನು. ಕವಿಯು ಅದನ್ನು ಬರೆಯಲೇಬೇಕಾಗಿತ್ತೆಂಬುದು ನಿಜ. ಆದರೆ ಎಲ್ಲಿ ಬರೆಯಬೇಕು, ಯಾರ ಕೈಯಲ್ಲಿ ಚಷಕವನ್ನು ಕೊಡಬೇಕು ಎಂಬುದು ಕವಿಯ ಇಚ್ಛೆಗೆ ಬಿಟ್ಟದ್ದು. ವಿಮರ್ಶಕನು ನೋಡಬೇಕಾದುದು ಅದನ್ನೇ. ಮೇಘದೂತದಲ್ಲಿ ಕಾಳಿದಾಸನು ಬಲರಾಮನನ್ನು ಸ್ಮರಿಸುವುದು, ರೇವತಿಯ ಕಣ್ಣುಗಳು ಪ್ರತಿಬಿಂಬಿಸುತ್ತಿದ್ದ ಪ್ರಿಯವಾದ ಮದ್ಯವನ್ನು ತೊರೆದು ಅವನು ಸರಸ್ವತೀನದಿಯ ನೀರನ್ನು ಸೇವಿಸಿದ ಸಂದರ್ಭದಲ್ಲಿ. ಇಂದ್ರನ ಚಿಕಿತ್ಸೆಯಲ್ಲಿ ಸುರೆಯೊಡನೆ ಇದ್ದ ಸರಸ್ವತಿಯು ಇಲ್ಲಿ ಸುರೆಯನ್ನು ಬಿಟ್ಟವನಿಗೆ ಶುದ್ಧಿಯನ್ನು ಕೊಡುವ ನದಿಯಾಗಿರುವಳು. ಕುಡಿತದಲ್ಲಿ ಪ್ರಸಿದ್ಧನಾದ ದೇವನನ್ನು ತ್ಯಾಗದ ಕ್ಷಣದಲ್ಲಿ ತೋರಿಸಿದ ಔಚಿತ್ಯವು ಕಾಳಿದಾಸನಿಗೆ ತಕ್ಕದ್ದೇ.

ಕನ್ನಡದಲ್ಲಿ ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸವು ನಮ್ಮ ವಿಚಾರಕ್ಕೆ ನಿಕಷದಂತಿರುವುದು. ಸುಭದ್ರೆಯ ವಿರಹದಿಂದ ನಿದ್ರೆ ಬಾರದ ಅರ್ಜುನನು ಬೆಳುದಿಂಗಳಿನಲ್ಲಿ ಸೂಳೆಗೇರಿಯಲ್ಲಿ ನಡೆದು ಹೋಗುವನು. ಅಲ್ಲಿ ಕಳ್ಳು ಕುಡಿಯುವವರ ಗೋಷ್ಠಿಯನ್ನು ಕಾಣುವನು. ಅವರು ಸುಮ್ಮನೆ ಕುಡಿಯುವುದಿಲ್ಲ. ಮಂತ್ರಪೂರ್ವಕವಾಗಿ ಮಧುದೇವತೆಯನ್ನು ಅರ್ಚಿಸಿ ಅನಂತರ ಕುಡಿಯುವರು. ಮತ್ತೇರಿದ ಮೇಲೆ ಅವರ ಮಾತು ತೊದಲುವುದು, ನಡೆ ತಡವರಿಸುವುದು. ಇದನ್ನು ಓದಿದವರು ಕೆಲವರು ಪಂಪನ ಹಾಸ್ಯವನ್ನು ಮೆಚ್ಚಿಕೊಳ್ಳುವರು. ಕೆಲವರು ಜೈನಕವಿಯು ತನ್ನ ಮತದಲ್ಲಿ ನಿಷಿದ್ಧವಾದುದನ್ನು ಇಷ್ಟು ವಿಸ್ತಾರವಾಗಿ ಬಣ್ಣಿಸಬಹುದೆ ಎಂದು ಸಂದೇಹಪಡುವರು.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಆ ಮಧುದೇವತೆಯ ಅರ್ಚನೆ. ಮಂತ್ರವುಂಟು, ದೇವತೆಯುಂಟು, ಅರ್ಚನೆಯುಂ‌ಟು. ಯಾಗದ ಅಂಗಗಳೆಲ್ಲವೂ ನೆರಳಿನಂತೆ ಇರುವುವು. ಇಲ್ಲದಿರುವುದು ಎಲ್ಲೆಯೊಂದೇ. ಸೌತ್ರಾಮಣಿಯಲ್ಲಿ ಬಲವನ್ನು ಕೊಟ್ಟ ದೇವತೆಯು ಬೀದಿಯ ಗೋಷ್ಠಿಯಲ್ಲಿ ಇದ್ದ ಬಲವನ್ನೂ ಕಸಿದುಕೊಳ್ಳುವಳು. ಪಂಪನ ನಗೆಯು ಕುಡುಕರನ್ನು ಕುರಿತದ್ದು ಮಾತ್ರವಲ್ಲ. ಮರ್ಯಾದೆ ತಪ್ಪಿದ ಪೂಜೆಯನ್ನು ಕುರಿತದ್ದು. ಸುರೆಯು ದೇವತೆಯೆಂಬ ನಂಬಿಕೆಯನ್ನು ಅರಿಯದವನಿಗೆ ಈ ನಗೆಯ ಅರ್ಧವೇ ಕೇಳಿಸುವುದು.

ಎರಡನೆಯದು ಸ್ಥಳ. ಈ ಬೀದಿ ಯಾವ ಊರಿನದು? ದ್ವಾರಾವತಿಯದು. ಯಾವ ಪಟ್ಟಣವು ವ್ಯಾಸನ ಕಥೆಯಲ್ಲಿಯೂ ಜಿನಸೇನನ ಕಥೆಯಲ್ಲಿಯೂ ಮದ್ಯದಿಂದ ಅಳಿಯಿತೋ ಅದೇ ಪಟ್ಟಣದಲ್ಲಿ ಪಂಪನು ತನ್ನ ಕಾವ್ಯದ ಪಾನಗೋಷ್ಠಿಯನ್ನು ಇರಿಸಿರುವನು. ಅವನ ಕಾವ್ಯವು ಪಟ್ಟಾಭಿಷೇಕದೊಡನೆ ಮುಗಿಯುವುದು. ಮೌಸಲದ ಕಥೆ ಅದರಲ್ಲಿ ಬರುವುದಿಲ್ಲ. ಆದುದರಿಂದ ಯಾದವರ ಅಳಿವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಮುಂದಾಗುವುದನ್ನು ಬಲ್ಲ ಓದುಗನಿಗೆ ಮಾತ್ರ ಆ ಬೆಳುದಿಂಗಳಿನ ಗದ್ದಲದ ಹಿಂದೆ ಬೆಂಕಿಯ ಬೆಳಕು ಕಾಣುವುದು. ಎಲ್ಲರೂ ಮೈಮರೆತಿರುವ ಆ ಬೀದಿಯಲ್ಲಿ ನಾಯಕನೊಬ್ಬನು ಎಚ್ಚರವಾಗಿ ನಡೆದು ಹೋಗುವನು. ಅವನನ್ನು ಆವರಿಸಿರುವುದು ಬೇರೊಂದು ಮದ.

ಇದು ಅನುಮಾನವೆಂದೂ ಕವಿಯ ಸ್ಪಷ್ಟೋಕ್ತಿಯಲ್ಲವೆಂದೂ ಒಪ್ಪಿಕೊಳ್ಳುವೆವು. ಪಾನವರ್ಣನೆಯು ಬೇಕಾದ್ದರಿಂದ ಕಥೆಯಲ್ಲಿ ಬಿಡುವು ದೊರೆತ ಕಡೆ ಹಾಕಿದನೆಂದು ಯಾರಾದರೂ ಹೇಳಬಹುದು. ಆದರೆ ಪಂಪನಂತಹ ಕವಿಯು, ಭಾರತವನ್ನು ಆದ್ಯಂತವಾಗಿ ಬಲ್ಲವನು, ಜಿನಪುರಾಣಗಳಲ್ಲಿ ನುರಿತವನು, ಯಾದವರ ಪಟ್ಟಣದಲ್ಲಿ ಕಳ್ಳಿನ ಮಡಕೆಯನ್ನು ಇಡುವಾಗ ಆ ಪಟ್ಟಣದ ಕೊನೆಯನ್ನು ನೆನೆಯಲಿಲ್ಲವೆಂದು ನಂಬುವುದಕ್ಕಿಂತ ನೆನೆದನೆಂದು ನಂಬುವುದೇ ಸುಲಭ.

೮

ಕೊನೆಗೆ, ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಹೆಂಡದ ಮಾರಯ್ಯನೆಂಬವನನ್ನು ಇಲ್ಲಿ ಸ್ಮರಿಸದಿರಲಾಗದು. ಹೆಂಡವನ್ನು ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗ ಎಂಬುದು ಅವನ ವಚನಗಳ ಅಂಕಿತ. ಅವನು ತನ್ನ ಕಸುಬಿನ ಮಾತುಗಳನ್ನೇ ಬೆಡಗಾಗಿ ತಿರುಗಿಸಿ, ಹೆಂಡದ ಅಮಲನ್ನು ಬಿಡಿಸಿ ಅರಿವಿನ ಅಮಲನ್ನು ಹತ್ತಿಸುವನು. ಬ್ರಾಹ್ಮಣಗ್ರಂಥಗಳು ಸುರೆಗೆ ಎಲ್ಲೆಯನ್ನು ಹೊರಗೆ ಕಟ್ಟಿದ್ದುವು. ರಾಜಶಾಸ್ತ್ರವು ದಿವಸಗಳನ್ನು ಗೊತ್ತುಮಾಡಿತ್ತು. ಈ ಶರಣನು ಎಲ್ಲೆಯನ್ನು ಕುಡಿಯುವವನ ಒಳಗೇ ಕಟ್ಟಿದನು. ಋಗ್ವೇದದ ಋಷಿಯು ಮದ ದುರ್ಮದಗಳಲ್ಲಿ ಕಂಡ ಭೇದವೇ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಕಳ್ಳಿನಂಗಡಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಧುಪಾನದ ಪದ್ಯಗಳನ್ನು ಬಿಡಬೇಡಿರಿ, ಅವುಗಳಿಗಾಗಿ ಕ್ಷಮೆಯನ್ನೂ ಬೇಡಬೇಡಿರಿ. ಚಷಕದಲ್ಲಿ ಏನಿದೆಯೆಂದು ಕೇಳುವುದಕ್ಕೆ ಮೊದಲು, ಅದನ್ನು ಯಾರು ಕೊಟ್ಟರು, ಯಾರು ಕರೆದರು, ಎಲ್ಲಿ ಕುಳಿತು ಕುಡಿದರು ಎಂದು ವಿದ್ಯಾರ್ಥಿಗಳಿಂದ ಕೇಳಿಸಿರಿ. ನಮ್ಮ ಪೂರ್ವಿಕರು ಕೇಳುತ್ತಿದ್ದುದು ಆ ಪ್ರಶ್ನೆಗಳನ್ನೇ. ಅಚ್ಚಿನ ಮೇಲೆ ಸೋಮ, ಕೆಳಗೆ ಸುರೆ. ನಡುವಣ ಆ ಅಂತರವನ್ನು ಕಂಡವನಿಗೆ ವಾಜಪೇಯವೂ ತಿಳಿಯುವುದು, ದ್ವಾರಾವತಿಯ ಬೆಳುದಿಂಗಳೂ ತಿಳಿಯುವುದು.